ಶಿಡ್ಲಘಟ್ಟಕ್ಕೆ ಎಷ್ಟು ಅಕ್ಷರ

ಶಿ, ಡ್ಲ, ಘ, ಟ್ಟ.
ನಾಲ್ಕು. ಒಂದನೇ ಕ್ಲಾಸಿನ ಮಗುವೂ ಬೆರಳು ಮಡಚಿ ಹೇಳುತ್ತೆ.
ಯಂತ್ರ ಒಂಬತ್ತು ಅನ್ನುತ್ತದೆ.
ಗುಡಿಸನ್ನು ಬೇರೆ ಎಣಿಸುತ್ತದೆ, ಒತ್ತನ್ನು ಬೇರೆ,
ಒತ್ತನ್ನು ನೇತುಹಾಕುವ ಕಾಣದ ಕೊಂಡಿಯನ್ನೂ ಬೇರೆ,
ಗೂಡು ತೂಗುವಾಗ
ಒಳಗಿನ ಹುಳಕ್ಕೊಂದು, ಮೇಲಿನ ತುಪ್ಪಳಕ್ಕೊಂದು
ಚೀಟಿ ಬರೆದ ಹಾಗೆ.

ಗೂಡಿನ ಮಾರ್ಕೆಟ್ಟಿನ ಕಂಪ್ಯೂಟರ್ ರೂಮಿನಲ್ಲಿ
ಚೀಟಿ ಪ್ರೋಗ್ರಾಮು ನನ್ನದೇ.
ಹೆಸರಿಗೆ ಹನ್ನೆರಡು ಮನೆ, ಆಮೇಲೆ ಕತ್ತರಿ.
ನಾನು ಸಬೀಹಾ. ನನ್ನ ಹೆಸರಲ್ಲಿ ಒತ್ತಿಲ್ಲ.
ಅದಕ್ಕೇ ಇರಬೇಕು, ಕತ್ತರಿ ಎಲ್ಲಿ ಬೀಳುತ್ತದೆಂದು
ನೋಡಿರಲೇ ಇಲ್ಲ.

ಮೇಲೂರಿನ ಚಿಕ್ಕಮುನಿಯಮ್ಮ ಕಿಟಕಿಗೆ ಬಂದು
ಚೀಟಿಯನ್ನು ನನ್ನ ಕನ್ನಡಕಕ್ಕೆ ತಾಗಿಸಿ ಹಿಡಿದಳು.
“ಇದೇನಮ್ಮ, ಚಿಕ್ಕಮುನಿಯಮ್?
ಕೆಳಗಿನ ಮ ಏನಾಯ್ತು, ಹುಳ ತಿಂದ್ಬುಡ್ತಾ?
ಹೆಬ್ಬೆಟ್ಟು ಬುಟ್ಟು ಸೈನು ಕಲ್ತಿದ್ದು ಐವತ್ತೆರಡಕ್ಕೆ.
ಎಲ್ಲಾ ಕಷ್ಟ. ಕೊನೇಲಿ ಆ ಒತ್ತು ಎಳ್ದು ಬುಡೋದೊಂದೇ ಖುಷಿ.
ಅದನ್ನೇ ಕಡ್ದಿದೀಯಲ್ಲ.”
ಹಿಂದಿನ ಸಾಲಿನಲ್ಲಿ ಯಾರೋ ತೆಲುಗಿನಲ್ಲಿ ನಕ್ಕರು.

ಆ ರಾತ್ರಿ ಸ್ಟ್ರಿಂಗ್ ಅನ್ನೋ ಕ್ಲಾಸನ್ನು ತೆರೆದೆ.
ಕಂಡರಿಯದ ಊರಿನ ಯಾರೋ ಕಟ್ಟಿದ ಮನೆ,
ಬಾಗಿಲಿಗೆ ಅಗುಳಿ ಇಲ್ಲ.
ಯಾರು ಬೇಕಾದರೂ ಹೋಗಿ ಗೋಡೆಗೊಂದು ಗೂಟ ಹೊಡೆಯಬಹುದು,
ಆಮೇಲೆ ಪ್ರೋಗ್ರಾಮಿನ ಪ್ರತಿಯೊಂದು ಪದವೂ
ಬಂದು ಆ ಗೂಟಕ್ಕೆ ಅಂಗಿ ತಗಲಿಸಬಹುದು.
ನಾನು ಗೂಟ ಹೊಡೆಯಲಿಲ್ಲ. ಸಿಟ್ಟಿತ್ತು.
ಕಂಬವನ್ನೇ ಕಿತ್ತು ಬೇರೆ ನಿಲ್ಲಿಸಿದೆ:
ಲೆಂಗ್ತ್ ಎಂದು ಕೇಳಿದರೆ ಇನ್ನು ಮೇಲೆ
ಶಿಡ್ಲಘಟ್ಟಕ್ಕೆ ನಾಲ್ಕೇ ಅನ್ನಬೇಕು.
ಅಂದಿತು. ಮಲಗಿದೆ.

ಹನ್ನೊಂದು ಗಂಟೆಗೆ ಬ್ಯಾಂಕು ಫೈಲನ್ನು ವಾಪಸು ಎಸೆಯಿತು.
ಅವರಲ್ಲಿ ಹೆಸರಿಗೆ ಮೂವತ್ತು ಮನೆ, ಮಿಕ್ಕ ಖಾಲಿಯನ್ನು
ನಾವೇ ಎಣಿಸಿ ತುಂಬಬೇಕು.
ಎಣಿಕೆಯೇ ಬದಲಾಗಿತ್ತು. ಚಿಕ್ಕಮುನಿಯಮ್ಮನ ದುಡ್ಡು
ಏಳು ಮನೆ ಬಲಕ್ಕೆ ಸರಿದು
ಯಾರದ್ದೂ ಅಲ್ಲದ ಜಾಗದಲ್ಲಿ ನಿಂತಿತ್ತು.
ಇನ್ನೂರ ಹದಿನಾಲ್ಕು ಜನ ಸಂಜೆವರೆಗೆ ಕಾದರು,
ನೆಲದ ಮೇಲೆ, ಖಾಲಿ ಚೀಲ ಹಾಸಿಕೊಂಡು.
ಬಚ್ಚಪ್ಪ ಸರ್ ಬೈಯಲಿಲ್ಲ.
ಟೀ ಲೋಟವನ್ನು ಕೀಬೋರ್ಡಿನಿಂದ ದೂರ ಇಟ್ಟು ಅಂದರು:
“ಊರೆಲ್ಲ ಅಳೆಯೋ ಸೇರನ್ನ ನೀನೊಬ್ಳೇ ಬಡಿದು ಚಿಕ್ಕದು ಮಾಡ್ಬಾರ್ದು.
ಬೇರೆ ಅಳತೆ ಬೇಕಾ, ಬೇರೆ ಹೆಸರಿಡು.”

ಮನೆಯಲ್ಲಿ ಅಬ್ಬಾ ನೂಲು ತೆಗೆಯುತ್ತಾರೆ.
ಬಿಸಿನೀರಿನಲ್ಲಿ ಒಂದು ಎಳೆ ಮುಗಿದರೆ
ಚರಕ ನಿಲ್ಲಿಸುವುದಿಲ್ಲ, ಗಂಟು ಹಾಕುವುದಿಲ್ಲ,
ಇನ್ನೊಂದು ಗೂಡಿನ ತುದಿ ಹುಡುಕಿ
ಓಡುವ ನೂಲಿನ ಮೇಲೆ ಸುಮ್ಮನೆ ಎಸೆಯುತ್ತಾರೆ.
ಅಂಟಿಕೊಂಡು ಹೋಗುತ್ತದೆ.
ಅವರ ಬೆರಳತುದಿ ಎಂದೋ ಬೆಂದು ನುಣುಪಾಗಿದೆ.
ರೇಷನ್ ಅಂಗಡಿಯ ಮೆಷಿನ್ನಿಗೆ ಅವರು ಯಾರೋ ಗೊತ್ತಾಗುವುದಿಲ್ಲ.

ಲೆಂಗ್ತ್ ಈಗ ಇದ್ದಲ್ಲೇ ಇದೆ, ಒಂಬತ್ತು ಅನ್ನುತ್ತಾ.
ಅನ್ನಲಿ. ಅದರ ಪಕ್ಕ ನನ್ನ ಹನ್ನೊಂದು ಸಾಲು:
‘ಅಕ್ಷರಗಳು’ ಅಂತ ಒಂದು,
‘ಒಡೆಯದೆ_ಕತ್ತರಿಸು’ ಅಂತ ಇನ್ನೊಂದು.
ಕನ್ನಡದಲ್ಲೇ ಹೆಸರಿಟ್ಟೆ. ಅಭಿಮಾನ ಅಂದುಕೊಳ್ಳಬೇಡಿ,
ಆ ಮನೆಗೆ ನಾಳೆ ಇನ್ಯಾರೋ ಬಂದು ಗೂಟ ಹೊಡೆದರೆ
ಎರಡಕ್ಕೂ ಡಿಕ್ಕಿಯಾಗಬಾರದು, ಅಷ್ಟೆ.

ಮುಂದಿನ ಬೆಳೆಗೆ ಚಿಕ್ಕಮುನಿಯಮ್ಮ ಬಂದಳು.
ಚೀಟಿಯಲ್ಲಿ ಆರಕ್ಕೆ ಆರೂ ಇದ್ದವು, ಕೆಳಗಿನ ಮ ಸಮೇತ.
ನಾನು ಅವಳ ಮುಖವನ್ನೇ ನೋಡುತ್ತಾ ಕೂತೆ.
ಅವಳು ಹೆಸರಿನ ಕಡೆ ಕಣ್ಣೇ ಹಾಯಿಸಲಿಲ್ಲ.
“ಕೇಜಿಗೆ ಎಷ್ಟು ಹಾಕವ್ರೆ?” ಅಂದಳು.
ರೇಟು ಕೇಳಿ ಮೂಗು ಮುರಿದು,
ರಿಜಿಸ್ಟರ್ ತನ್ನ ಕಡೆ ಎಳೆದುಕೊಂಡು
ಸೈನು ಹಾಕಿದಳು, ನಿಧಾನವಾಗಿ, ತುಟಿ ಕಚ್ಚಿ.
ಕೊನೆಯ ಒತ್ತು ಗೆರೆ ದಾಟಿ ಕೆಳಗಿನ ಮನೆಗಿಳಿದು
ಪಿಳ್ಳಮುನಿಶಾಮಪ್ಪನ
ತಲೆಗೆ ತಾಗಿತು.